ಕಟ್ಟು ಚೆಲ್ಲಬೇಡಿ

ನಮ್ಮ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಗದಗದ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಮೊದಲ ಕೆಲಸ, ಮೊದಲ ಸಂಬಳ. ಬಂದ ಹೊಸದರಲ್ಲಿ ದಿನಕ್ಕೆರಡು ಸಲ ಊಟ ತಲುಪಿಸುವ ಬೈಕು ಗೇಟಿನ ಮುಂದೆ ಬಂದು ನಿಲ್ಲುತ್ತಿತ್ತು. ನಾಲ್ಕನೆಯ ತಿಂಗಳಲ್ಲಿ ಒಂದು ಒಲೆ, ಮೂರು ಲೀಟರಿನ ಕುಕ್ಕರು, ಎರಡು ಪಾತ್ರೆ ತಂದುಕೊಂಡ. ಒಂದು ಭಾನುವಾರ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗುವಾಗ ಅವನ ಬಾಗಿಲು ತೆರೆದಿತ್ತು. ಅಲಸಂದೆಕಾಳು, ದಂಟಿನ ಸೊಪ್ಪು ಬೇಯಿಸಿದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು, ತಟ್ಟೆ ಅಡ್ಡ ಕೊಟ್ಟು, ನೀರನ್ನೆಲ್ಲ ಸಿಂಕಿಗೆ ಬಸಿಯುತ್ತಿದ್ದ. ಕೆಂಪು ದಂಟಿನ ಬಣ್ಣ ಬಿಟ್ಟುಕೊಂಡ ನೀರು ಹಬೆಯಾಡುತ್ತ ಹರಿದುಹೋಗುತ್ತಿತ್ತು.

"ಅಯ್ಯೋ, ಕಟ್ಟು ಚೆಲ್ಲಬೇಡ ಕಣಪ್ಪಾ!" ಅಂದುಬಿಟ್ಟೆ.

ಅವನು ಗಾಬರಿಯಾಗಿ ಕೈ ತಡೆದ. ಸೊಪ್ಪಿನ ಕಟ್ಟಿಗೆ ಸುತ್ತಿದ್ದ ಬಾಳೆನಾರು ಪಕ್ಕದಲ್ಲಿ ಬಿದ್ದಿತ್ತು. ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಯಾವ ಕಟ್ಟು ಅಮ್ಮಾರ?"

"ಬಸಿದ ನೀರು ಕಣಪ್ಪ. ಸಾರು ಯಾವುದರಲ್ಲಿ ಮಾಡ್ತೀಯ ಮತ್ತೆ?"

"ಪಲ್ಯಾ ಅಷ್ಟ ಮಾಡಾಕತ್ತೀನ್ರೀ. ಸಾರು ಹೊರಗಿಂದ ತರ್ಸೇನಿ."

"ನಿಮ್ಮ ಮನೇಲಿ ಹೋಳಿಗೆ ಮಾಡಿದ ದಿನ ನಿಮ್ಮಮ್ಮ ಸಾರು ಯಾವುದರಲ್ಲಿ ಮಾಡ್ತಾರೆ?"

"ಕಟ್ಟಿನ ಸಾರು…" ಅಂದವನು ಮಾತು ಅಲ್ಲಿಗೇ ನಿಲ್ಲಿಸಿ ಪಾತ್ರೆಯೊಳಗೆ ಇಣುಕಿದ. ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು.

ಆ ಹುಡುಗನಿಗೆ ಗೊತ್ತಿಲ್ಲದ ವಿಷಯವಲ್ಲ ಅದು. ಊರಿನಲ್ಲಿ ಅವ್ವನ ಕೈಯಲ್ಲಿ ಉಂಡದ್ದೇ. ತಟ್ಟೆಯಲ್ಲಿ ಕಂಡದ್ದು ಒಲೆಯ ಮೇಲೆ ಎಲ್ಲಿಂದ ಹೊರಡುತ್ತದೆ ಎಂದು ನೋಡುವ ಸಂದರ್ಭ ಬಂದಿರಲಿಲ್ಲ, ಅಷ್ಟೇ. ಓದು, ಪರೀಕ್ಷೆ, ಹಾಸ್ಟೆಲು, ಕೆಲಸ ಎಂದು ನಾವೇ ಮಕ್ಕಳನ್ನು ಅಡುಗೆಮನೆಯಿಂದ ದೂರವಿಟ್ಟೆವು. ಈಗ ಅವರು ಊರು ಬಿಟ್ಟು ಬಂದು ಒಂದು ಕೋಣೆ ಮಾಡಿಕೊಂಡಾಗ ಏನು ಬೇಯಿಸಬೇಕು, ಎಷ್ಟು ಬೇಯಿಸಬೇಕು ಎಂದು ತಿಳಿಯದೆ ಒದ್ದಾಡುತ್ತಾರೆ. ಹಾಗಿರುವ ಎಲ್ಲ ಮಕ್ಕಳಿಗೂ ಸೇರಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನನಗೀಗ ಅರವತ್ತೊಂಬತ್ತು ವರ್ಷ. ನಾಗಮಂಗಲದ ಕಡೆಯ ಹೊಲಮನೆಯಲ್ಲಿ ಹುಟ್ಟಿ, ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಅಡುಗೆಯಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಆದರೆ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬ, ಬಾಯಿಗೆ ರುಚಿಯಾಗಿ, ಮೈಗೆ ಹಿಡಿಯುವ ಹಾಗೆ ಉಣ್ಣುವುದು ಹೇಗೆಂದು ಬಲ್ಲೆ.

ಎಲ್ಲಕ್ಕಿಂತ ಮೊದಲು ಬಸ್ಸಾರು ಕಲಿಯಿರಿ. ಯಾಕೆಂದರೆ ಅದೊಂದರಲ್ಲಿ ಮನೆಯಡುಗೆಯ ಲೆಕ್ಕಾಚಾರವೆಲ್ಲ ಅಡಗಿದೆ. ಒಂದೇ ಒಲೆ, ಒಂದೇ ಪಾತ್ರೆ. ಒಂದು ಹಿಡಿ ಕಾಳು, ಒಂದು ಕಟ್ಟು ಸೊಪ್ಪು. ಬೆಂದ ಮೇಲೆ ಬಸಿದರೆ ಗಟ್ಟಿಯಾದದ್ದು ಪಲ್ಯ, ತಿಳಿಯಾದದ್ದು ಸಾರು. ಬಸಿದ ಸಾರು ಆದ್ದರಿಂದಲೇ ಬಸ್ಸಾರು. ಹೆಸರೇ ಮಾಡುವ ಬಗೆಯನ್ನು ಹೇಳಿಕೊಡುತ್ತದೆ.

ಇಬ್ಬರಿಗೆ ಆಗುವಷ್ಟರ ಲೆಕ್ಕ ಹೇಳುತ್ತೇನೆ. 100 ಗ್ರಾಂ ಅಲಸಂದೆಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ನೆನೆಸಿದ ನೀರು ಚೆಲ್ಲಬಹುದು. ಬೇಯಿಸಿದ ನೀರು ಮಾತ್ರ ಚೆಲ್ಲಬಾರದು. ಒಂದು ಲೀಟರಿನಷ್ಟು ನೀರು ಕುದಿಯಲಿಟ್ಟು ಕಾಳು ಹಾಕಿ. ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ, ಒಳಗೆ ಇನ್ನೂ ಸ್ವಲ್ಪ ಗಟ್ಟಿ ಇರಬೇಕು. ಆ ಹದಕ್ಕೆ ಹೆಚ್ಚಿದ ದಂಟು ಹಾಕಿ, ಎರಡು ನಿಮಿಷ ಬಿಟ್ಟು ಸೊಪ್ಪು, ಉಪ್ಪು ಹಾಕಿ. ಮುಚ್ಚಳ ಮುಚ್ಚಬೇಡಿ, ಸೊಪ್ಪಿನ ಬಣ್ಣ ಕೆಡುತ್ತದೆ. ಏಳೆಂಟು ನಿಮಿಷದಲ್ಲಿ ಸೊಪ್ಪು ಬೇಯುತ್ತದೆ. ಈಗ ಇನ್ನೊಂದು ಪಾತ್ರೆಯ ಮೇಲೆ ಜಾಲರಿ ಇಟ್ಟು ಬಸಿಯಿರಿ. ಕೆಳಗಿಳಿದದ್ದೇ ಕಟ್ಟು.

ಮಸಾಲೆಗೆ ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಮೂರು ನಾಲ್ಕು ಒಣಮೆಣಸಿನಕಾಯಿಯನ್ನು ತೊಟ್ಟು ಎಣ್ಣೆಯಲ್ಲಿ ಬಾಡಿಸಿ. ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ಒಂದೂವರೆ ಚಮಚ ಕೊತ್ತಂಬರಿ ಬೀಜವನ್ನೂ ಅದೇ ಬಿಸಿಯಲ್ಲಿ ಒಂದು ಸಲ ಆಡಿಸಿ. ಎರಡು ಚಮಚ ತೆಂಗಿನತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬಿ. ರುಬ್ಬುವಾಗ ಬೆಂದ ಕಾಳು-ಸೊಪ್ಪಿನಲ್ಲಿ ಎರಡು ಚಮಚ ಹಾಕುವುದನ್ನು ಮರೆಯಬೇಡಿ. ಸಾರಿಗೆ ಮೈ ಬರುವುದೇ ಅದರಿಂದ. ಇದನ್ನು ಕಟ್ಟಿಗೆ ಕದಡಿ ಹತ್ತು ನಿಮಿಷ ಕುದಿಸಿ, ಜಜ್ಜಿದ ಬೆಳ್ಳುಳ್ಳಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಬಸ್ಸಾರು ಗಟ್ಟಿಯಾಗಿರಬಾರದು, ಮುದ್ದೆಯ ತುತ್ತು ಅದ್ದಿದರೆ ತುತ್ತಿನ ಸುತ್ತ ಸರಾಗ ಹರಿಯಬೇಕು. ಅತ್ತ ಬಸಿದಿಟ್ಟ ಕಾಳು-ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿ ತೆಂಗಿನತುರಿ ಉದುರಿಸಿದರೆ ಪಲ್ಯವೂ ಆಯಿತು. ಕೋಣೆಯಲ್ಲಿ ಮಿಕ್ಸಿ ಇಲ್ಲವೇ? ಈರುಳ್ಳಿ, ಟೊಮೆಟೊ ಹುರಿದು, ಎರಡು ಚಮಚ ಸಾರಿನ ಪುಡಿ ಹಾಕಿ, ಒಂದಿಷ್ಟು ಬೆಂದ ಕಾಳನ್ನು ಸೌಟಿನಲ್ಲೇ ಅರೆದು ಕಟ್ಟಿಗೆ ಸೇರಿಸಿ ಕುದಿಸಿ. ರುಬ್ಬಿದ ರುಚಿ ಬರದು. ಆದರೂ ಒಳ್ಳೆಯ ಸಾರೇ.

ಕಟ್ಟಿನ ವಿಷಯದಲ್ಲಿ ಇಷ್ಟು ಹಟ ಯಾಕೆಂದರೆ, ಅದು ಬರೀ ಬಣ್ಣದ ನೀರಲ್ಲ. ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂನಂಥ ಲವಣಗಳು ಬೇಯುವಾಗ ಒಂದಿಷ್ಟು ಅದಕ್ಕೆ ಇಳಿದಿರುತ್ತವೆ. ಕಾಳಿನ ರುಚಿಯೂ ಇಳಿದಿರುತ್ತದೆ. ನಮ್ಮವ್ವನಿಗೆ ಈ ಹೆಸರುಗಳು ಯಾವುವೂ ಗೊತ್ತಿರಲಿಲ್ಲ. ಆದರೆ ಬಾಣಂತಿಗೂ ಜ್ವರ ಬಿಟ್ಟವರಿಗೂ ಮೊದಲು ಕೊಡುತ್ತಿದ್ದದ್ದು ಬೇಳೆ ಕಟ್ಟಿಗೆ ಜೀರಿಗೆ, ಮೆಣಸು ಹಾಕಿ ಕುದಿಸಿದ ತಿಳಿಸಾರು. ತೊಗರಿಬೇಳೆ ಬೆಂದು ಮೇಲೆ ನಿಂತ ತಿಳಿಯಿಂದ ಸಾರು, ಕೆಳಗಿನ ಗಟ್ಟಿಯಿಂದ ಹುಳಿ ಅಥವಾ ತೊವ್ವೆ. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟಿನಿಂದ ಒಬ್ಬಟ್ಟಿನ ಸಾರು. ಹುರುಳಿಕಾಳಿನ ಕಟ್ಟು ಕುದಿಸಿ ಗಟ್ಟಿ ಮಾಡಿದರೆ ಹುರುಳಿ ಕಟ್ಟಿನ ಸಾರು. ಒಂದು ಬೇಯಿಸಿ ಎರಡು ಮಾಡಿಕೊಳ್ಳುವ ಈ ಪದ್ಧತಿ ಗದಗಕ್ಕೂ ಗೊತ್ತು, ನಾಗಮಂಗಲಕ್ಕೂ ಗೊತ್ತು. ಹೆಸರು, ಮಸಾಲೆ ಮಾತ್ರ ಊರಿಂದ ಊರಿಗೆ ಬೇರೆ.

ಇನ್ನು ಮುದ್ದೆ. ಮುದ್ದೆ ಮಾಡಲು ಬರುವುದಿಲ್ಲ ಎಂದು ಹೆದರಿ ಬಿಟ್ಟವರು ಬಹಳ ಮಂದಿ. ಹೆದರಿಕೆ ಗಂಟಿನದು. ಗಂಟು ಬರುವುದು ಅವಸರದಿಂದ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಚಿಟಿಕೆ ಉಪ್ಪು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲು ಹಾಕಿ, ಎಸರು ಮರಳಲು ಬಿಡಿ. ನೀರು ಚೆನ್ನಾಗಿ ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಆಗ ಕೈಯಾಡಿಸಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಉರಿ ತಗ್ಗಿಸಿ, ಹಿಟ್ಟಿನ ಗುಡ್ಡೆಯ ನಡುವೆ ಕೋಲಿನಿಂದ ಒಂದು ತೂತು ಮಾಡಿ, ಐದಾರು ನಿಮಿಷ ಹಾಗೇ ಬಿಡಿ. ಸುತ್ತಲಿಂದ ಎಸರು ಗುಡ್ಡೆಯ ಮೇಲೆ ಹತ್ತಿ ಹಿಟ್ಟು ಒಳಗೊಳಗೇ ಬೇಯುತ್ತದೆ. ಹಸಿಹಿಟ್ಟಿನ ವಾಸನೆ ಹೋಗಿ ಬೆಂದ ರಾಗಿಯ ವಾಸನೆ ಬಂದಾಗ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ಕೋಲಿನಿಂದ ತಿರುವಿ. ತಿರುವುತ್ತಾ ತಿರುವುತ್ತಾ ಹಿಟ್ಟು ಅಂಚು ಬಿಟ್ಟು ಒಂದಾಗುತ್ತದೆ, ಹೊಳಪು ಬರುತ್ತದೆ. ಎರಡು ನಿಮಿಷ ಮುಚ್ಚಿಟ್ಟು, ನೀರು ಮುಟ್ಟಿದ ಕೈಯಲ್ಲಿ ತಟ್ಟೆಯ ಮೇಲೆ ಉರುಳಿಸಿ ಕಟ್ಟಿ. ಮುದ್ದೆಕೋಲು ಇಲ್ಲದಿದ್ದರೆ ಗಟ್ಟಿಯಾದ ಮರದ ಸೌಟಿನ ಹಿಡಿ ಸಾಕು. ಮೊದಲ ಎರಡು ಸಲ ಗಂಟು ಬಂದೀತು, ಮೂರನೆಯ ಸಲ ಕೈಗೆ ಹದ ಸಿಗುತ್ತದೆ.

ಆಫೀಸಿನ ಡಬ್ಬಿಯಲ್ಲಿ ಸೊಪ್ಪು, ಕಾಳು, ರಾಗಿ ಕಂಡರೆ ಸಂಕೋಚ ಪಡುವ ಮಕ್ಕಳನ್ನು ನೋಡಿದ್ದೇನೆ. ಈ ಸಂಕೋಚ ನನಗೂ ಗೊತ್ತು. ನಾನು ಚಿಕ್ಕವಳಿದ್ದಾಗ ಅನ್ನ ಹಬ್ಬಕ್ಕೆ, ನೆಂಟರಿಗೆ. ಉಳಿದ ದಿನವೆಲ್ಲ ಮುದ್ದೆ. ಅನ್ನ ಉಣ್ಣುವವರು ದೊಡ್ಡವರು ಎಂದೇ ನಂಬಿದ್ದೆವು. ನಮ್ಮಪ್ಪನ ಕಣ್ಣಿಗೆ ಮಾತ್ರ ರಾಗಿಗಿಂತ ದೊಡ್ಡ ಬೆಳೆ ಇರಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆ ಬೀಜ ಬಿತ್ತಿದ ವರ್ಷ ಕಣದಲ್ಲಿ ರಾಶಿ ನೋಡಿ ಅಪ್ಪ ಸುಮ್ಮನೆ ನಿಂತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ದೊಡ್ಡ ದೊಡ್ಡ ಅಂಗಡಿಗಳಲ್ಲೂ ರಾಗಿಗೆ ಅಂದದ ಪೊಟ್ಟಣ ಬಂತು, ಬೆಲೆಯೂ ಏರಿತು. ಅಂಥ ಪೊಟ್ಟಣವನ್ನೇ ಕೊಳ್ಳಬೇಕಿಲ್ಲ. ಎರಡು ಕೆಜಿ ರಾಗಿ ಕೊಂಡು, ತೊಳೆದು, ನೆರಳಲ್ಲಿ ಒಣಗಿಸಿ, ಹಿಟ್ಟಿನ ಗಿರಣಿಗೆ ಕೊಡಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಗಿರಣಿಗಳಿವೆ.

ಮೈಗೆ ಏನು ಸಿಗುತ್ತದೆ ಎಂದು ಕೇಳುವ ಕಾಲ ಇದು. ಕೇಳಬೇಕು ಕೂಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ತೊಗರಿಬೇಳೆ, ಹುರುಳಿ, ಅಲಸಂದೆ ಯಾವುದನ್ನೇ ತೆಗೆದುಕೊಂಡರೂ 100 ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮಿಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಕಾಳುಸಾರು, ಅನ್ನಕ್ಕೆ ಹುಳಿ, ಜೋಳದ ರೊಟ್ಟಿಗೆ ಝುಣಕ, ದೋಸೆಗೆ ಅಕ್ಕಿಯ ಜೊತೆ ಉದ್ದು ಎಂದು ಹಿಂದಿನವರು ಜೋಡಿಸಿದ್ದು ಸರಿಯಾಗಿಯೇ ಇದೆ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ, ಸೊಪ್ಪು ಕಾಳುಗಳ ಕಬ್ಬಿಣದ ಅಂಶ ಮೈಗೆ ಹತ್ತುವುದಕ್ಕೆ ಅದು ಸಹಾಯ ಮಾಡುತ್ತದೆ. ಅದೇ ಕಾರಣಕ್ಕೆ ಊಟವಾದ ಕೂಡಲೇ ಕಾಫಿ, ಟೀ ಬೇಡ. ಒಂದು ವಿಷಯದಲ್ಲಿ ಎಚ್ಚರಿಕೆ ಬೇಕು. ಬಿ12 ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಅದು ಬರಬೇಕಾದದ್ದು ಹಾಲು, ಮೊಸರಿನಿಂದ. ದುಡ್ಡು ಉಳಿಸಲೆಂದು ಮೊಸರು ಬಿಡಬೇಡಿ. ಹಾಲು ಮೊಸರು ಬಳಸದವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ.

ದುಡ್ಡಿನ ಮಾತಿಗೆ ಬರುತ್ತೇನೆ. 1978ರಲ್ಲಿ ನನಗೆ ಮೊದಲ ಕೆಲಸ ಸಿಕ್ಕಾಗ ಶಾಲೆಯ ಊರಿನಲ್ಲಿ ಒಂದು ಅಂಕಣದ ಮನೆ ಹಿಡಿದಿದ್ದೆ. ಒಂದು ಸೀಮೆಎಣ್ಣೆ ಸ್ಟೌ. ಎಣ್ಣೆ ಪಡಿತರದಲ್ಲಿ ತಿಂಗಳಿಗೊಮ್ಮೆ. ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮಂದಿರ ಓದಿಗೆ ಊರಿಗೆ ಹೋಗುತ್ತಿತ್ತು. ಕಾಳು ನೆನೆಹಾಕದೆ ಬೇಯಿಸಿದರೆ ಎಣ್ಣೆ ಇಪ್ಪತ್ತನೆಯ ತಾರೀಖಿಗೇ ಮುಗಿಯುತ್ತಿತ್ತು, ನೆನೆಹಾಕಿ ಬೇಯಿಸಿದರೆ ತಿಂಗಳ ಕೊನೆಯವರೆಗೆ ಬರುತ್ತಿತ್ತು. ಯಾರೂ ಹೇಳಿಕೊಡದೆ ಆ ಸ್ಟೌ ಕಲಿಸಿದ ಪಾಠ ಅದು. ಒಂದು ದಿನ ರಾತ್ರಿ ನೆನೆಹಾಕಿದ ಹೆಸರುಕಾಳು ಮರುದಿನ ತಪಾಸಣೆ ಇದ್ದದ್ದರಿಂದ ಬೇಯಿಸಲಾಗಲಿಲ್ಲ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಹೋದೆ. ಮೂರನೆಯ ದಿನ ಬೆಳಿಗ್ಗೆ ಗಂಟು ಬಿಚ್ಚಿದರೆ ಒಂದೊಂದಕ್ಕೂ ಅರ್ಧ ಇಂಚು ಬಿಳಿ ಮೊಳಕೆ, ಬಟ್ಟೆಯ ನೇಯ್ಗೆಯೊಳಗೆ ತೂರಿಕೊಂಡು ನಿಂತಿತ್ತು. ಒಂದು ಹಿಡಿ ಕಾಳು ಪಾತ್ರೆ ತುಂಬ ಆಗಿತ್ತು. ಅಂದಿನಿಂದ ವಾರಕ್ಕೊಂದು ದಿನ ನಮ್ಮ ಮನೆಯಲ್ಲಿ ಮೊಳಕೆಕಾಳಿನ ಸಾರು ತಪ್ಪಿಲ್ಲ.

ಈ ವಾರ ನಮ್ಮ ಬೀದಿಯ ಅಂಗಡಿಯಲ್ಲಿ ಕೊಂಡ ಲೆಕ್ಕ ಹೇಳುತ್ತೇನೆ. ಅಲಸಂದೆ 100 ಗ್ರಾಂಗೆ 14 ರೂಪಾಯಿ, ದಂಟಿನ ಸೊಪ್ಪು ಒಂದು ಕಟ್ಟು 20, ಇಬ್ಬರಿಗೆ ಸಾಲುವ ರಾಗಿಹಿಟ್ಟಿಗೆ 12. ಈರುಳ್ಳಿ, ತೆಂಗಿನಕಾಯಿ, ಹುಣಸೆ, ಎಣ್ಣೆ, ಗ್ಯಾಸು ಸೇರಿ ಇನ್ನೊಂದು 20, 25 ಇಟ್ಟುಕೊಳ್ಳಿ. ಇಬ್ಬರು ಹೊಟ್ಟೆ ತುಂಬ ಉಂಡು ಸಾರು ನಾಳೆಗೂ ಒಂದಿಷ್ಟು ಉಳಿಯುತ್ತದೆ. ಮೇಲಿನ ಹುಡುಗನಿಗೆ ಇದನ್ನು ಕಾಗದದ ಮೇಲೆ ಬರೆದುಕೊಟ್ಟೆ. ಅವನು ತನ್ನ ಫೋನಿನಲ್ಲಿ ಹಿಂದಿನ ತಿಂಗಳು ಊಟಕ್ಕೆ ಹೋದ ದುಡ್ಡನ್ನು ಕೂಡಿಸಿ ನೋಡಿದ. ನನಗೆ ಮೊತ್ತ ಹೇಳಲಿಲ್ಲ, ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡ.

ಸಾಮಾನು ಒಂದೇ ಸಲ ರಾಶಿ ಹಾಕಬೇಡಿ. ಒಬ್ಬರೇ ಇರುವ ಕೋಣೆಯಲ್ಲಿ ಕಾಳಿಗೆ ಹುಳು ಬೀಳುವುದು ಬೇಗ. ತೊಗರಿಬೇಳೆ, ಹೆಸರುಬೇಳೆ, ಯಾವುದಾದರೂ ಎರಡು ಬಗೆಯ ಕಾಳು, ಅಕ್ಕಿ, ರಾಗಿಹಿಟ್ಟು, ರವೆ, ಅವಲಕ್ಕಿ ಇಷ್ಟಿದ್ದರೆ ತಿಂಗಳು ಕಳೆಯುತ್ತದೆ. ಊರಿಗೆ ಹೋದಾಗ ಅಮ್ಮನ ಕೈಯ ಸಾರಿನ ಪುಡಿ, ಹುಳಿಪುಡಿ, ಹುಚ್ಚೆಳ್ಳಿನ ಚಟ್ನಿಪುಡಿ ತನ್ನಿ. ಪುಡಿ ತರುವಾಗ ಮೆಣಸಿನಕಾಯಿ ಯಾವುದು, ಎಷ್ಟು ಎಂದು ಕೇಳಿ ಬರೆದುಕೊಂಡು ಬನ್ನಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂಬುದು ಎಲ್ಲರಿಗೂ ಗೊತ್ತು. ಎರಡನ್ನೂ ಯಾವ ಪ್ರಮಾಣದಲ್ಲಿ ಹಾಕುತ್ತಾರೆ ಎಂಬುದು ಆಯಾ ಮನೆಯ ಗುಟ್ಟು. ಕೇಳದಿದ್ದರೆ ಅಮ್ಮನ ಜೊತೆಗೇ ಹೋಗಿಬಿಡುತ್ತದೆ. ನಮ್ಮಜ್ಜಿಯ ಉಪ್ಸಾರಿನ ಖಾರ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ತರಕಾರಿಯನ್ನು ಕಾಲ ನೋಡಿ ಕೊಳ್ಳಿ. ಡಿಸೆಂಬರು, ಜನವರಿಯಲ್ಲಿ ಅವರೆಕಾಯಿ ರಾಶಿ ಬಿದ್ದಿರುತ್ತದೆ, ಬೆಂಗಳೂರಿನಲ್ಲಿ ಅದರದ್ದೇ ಮೇಳ ನಡೆಯುತ್ತದೆ. ಆ ಎರಡು ತಿಂಗಳು ಅವರೆಕಾಳಿನ ಸಾರು, ಉಪ್ಪಿಟ್ಟು, ಅಕ್ಕಿರೊಟ್ಟಿ, ರಾತ್ರಿ ನೆನೆಸಿ ಬೆಳಿಗ್ಗೆ ಸಿಪ್ಪೆ ಹಿಸುಕಿ ತೆಗೆದ ಹಿತಕಿದ ಬೇಳೆ. ಆಗ ಬೀನ್ಸು, ಕ್ಯಾಪ್ಸಿಕಂ ಎಂದು ಹುಡುಕಿಕೊಂಡು ಹೋಗುವುದು ದಂಡ. ಮಳೆ ಬಿದ್ದ ಮೇಲೆ ಸೊಪ್ಪು ಮಾರುವವರ ಬುಟ್ಟಿಯಲ್ಲಿ ಬೆರಕೆ ಸೊಪ್ಪು ಸಿಗುತ್ತದೆ. ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ ಎಲ್ಲ ಕಲೆತದ್ದು. ತೊಗರಿಬೇಳೆಯ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಸೊಪ್ಪು ಮಾರುವ ಅಮ್ಮನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಬೇಡಿ. ಬದಲಿಗೆ ಇದನ್ನು ಹೇಗೆ ಮಾಡುವುದು ಎಂದು ಕೇಳಿ. ನಾನು ಈ ನಗರಕ್ಕೆ ಬಂದ ಮೇಲೆ ಕಲಿತ ಮೂರು ಸಾರುಗಳು ಹಾಗೆ ಬೀದಿಯಲ್ಲಿ ನಿಂತು ಕೇಳಿಕೊಂಡವು.

ಒಗ್ಗರಣೆಯಲ್ಲಿ ಆತುರ ಬೇಡ. ಎಣ್ಣೆ ಕಾದಿದೆಯೇ ಎಂದು ಒಂದೇ ಒಂದು ಸಾಸಿವೆಕಾಳು ಹಾಕಿ ನೋಡಿ. ಸಿಡಿದರೆ ಉಳಿದದ್ದು ಹಾಕಿ. ಸಾಸಿವೆ ಸಿಡಿದು ಮುಗಿದ ಮೇಲೆ ಉದ್ದಿನಬೇಳೆ, ಅದು ಹೊಂಬಣ್ಣಕ್ಕೆ ತಿರುಗುವಾಗ ಮೆಣಸಿನಕಾಯಿ, ಕೊನೆಗೆ ಕರಿಬೇವು, ಇಂಗು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೂ ಸಾಸಿವೆ ಹಸಿಯಾಗಿಯೇ ಇರುತ್ತದೆ. ಕುಕ್ಕರಿನ ವಿಷಯದಲ್ಲಿ ಒಂದೇ ಮಾತು: ಮುಚ್ಚುವ ಮುಂಚೆ ಹಬೆ ಹೋಗುವ ತೂತಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ, ಹಬೆ ತಾನಾಗಿ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ. ಮಾಡಿದ ಅನ್ನವನ್ನು ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲೆಸಬೇಡಿ. ಅದರಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದದ್ದನ್ನು ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಫ್ರಿಜ್ಜು ಇಲ್ಲದಿದ್ದರೆ ಅಳತೆ ಮಾಡಿ ಬೇಯಿಸಿ.

ಸುಸ್ತಾಗಿ ಒಂಬತ್ತು ಗಂಟೆಗೆ ಬಾಗಿಲು ತೆರೆಯುವ ದಿನಗಳಿರುತ್ತವೆ. ಆ ದಿನ ಬಸ್ಸಾರು ಮಾಡಿ ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕುಕ್ಕರಿನ ತಳದಲ್ಲಿ ಹೆಸರುಬೇಳೆ, ಅರಿಶಿನ, ಹೆಚ್ಚಿದ ಹಸಿಮೆಣಸಿನಕಾಯಿ. ಮೇಲೊಂದು ಬಟ್ಟಲಲ್ಲಿ ಅಕ್ಕಿ. ಕೈಕಾಲು ತೊಳೆದು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಮೂರು ಕೂಗು ಆಗಿರುತ್ತದೆ. ಬೇಳೆಗೆ ಉಪ್ಪು, ನಿಂಬೆರಸ, ತುಪ್ಪದಲ್ಲಿ ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟರೆ ತೊವ್ವೆ. ಅದೂ ಆಗದ ದಿನಕ್ಕೆ ಮಲೆನಾಡಿನವರ ತಂಬುಳಿ ಇದೆ. ಕಿಟಕಿಯ ಬಳಿ ಕುಂಡದಲ್ಲಿ ಒಂದು ದೊಡ್ಡಪತ್ರೆ ಕಡ್ಡಿ ನೆಟ್ಟುಕೊಳ್ಳಿ, ಸುಮ್ಮನೆ ಚುಚ್ಚಿದರೂ ಬರುತ್ತದೆ. ಆರೇಳು ಎಲೆಯನ್ನು ಜೀರಿಗೆ, ನಾಲ್ಕು ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕದಡಿ. ಬಿಸಿ ಅನ್ನ ಒಂದಿದ್ದರೆ ಸಾಕು. ಹೀಗಿದ್ದೂ ಒಂದು ದಿನ ಹೋಟೆಲಿಗೆ ಹೋದರೆ ಅದಕ್ಕಾಗಿ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಮರುದಿನ ಮತ್ತೆ ಒಲೆ ಹಚ್ಚಿದರಾಯಿತು.

ಗಂಡುಮಕ್ಕಳಿಗೆ ಬೇರೆಯಾಗಿ ಒಂದು ಮಾತು. ಅಡುಗೆ ಹೆಣ್ಣಿನ ಕೆಲಸ ಎಂದು ನಿಮಗೆ ಯಾರು ಹೇಳಿದ್ದರೂ ಅದು ಸುಳ್ಳು. ನಮ್ಮಲ್ಲಿ ರುಚಿಯಾದ ಅಡುಗೆಗೆ ನಳಪಾಕ, ಭೀಮಪಾಕ ಎಂದು ಗಂಡಸರ ಹೆಸರೇ ಇದೆ. ಅಜ್ಞಾತವಾಸದಲ್ಲಿ ಭೀಮಸೇನ ವಲಲನೆಂಬ ಹೆಸರಿನಲ್ಲಿ ವಿರಾಟನ ಅಡುಗೆಮನೆಯಲ್ಲಿ ವರ್ಷ ಕಳೆದ. ಸುಮಾರು ಐನೂರು ವರ್ಷದ ಹಿಂದೆ ಮೂರನೆಯ ಮಂಗರಸನೆಂಬ ಜೈನ ಕವಿ 'ಸೂಪಶಾಸ್ತ್ರ' ಎಂದು ಸಸ್ಯಾಹಾರದ ಪಾಕಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಕಾವ್ಯ ಬರೆಯುವ ಕೈ ಅದು. ತಿಂಡಿ, ಪಾನಕ, ಪಲ್ಯಗಳ ವಿಷಯ ಬರೆಯಲು ಹಿಂಜರಿಯಲಿಲ್ಲ. ಕೋಣೆಯಲ್ಲಿ ಇಬ್ಬರೋ ಮೂವರೋ ಇದ್ದರೆ ಬೇಯಿಸುವವರು ಒಬ್ಬರು, ಪಾತ್ರೆ ತೊಳೆಯುವವರು ಒಬ್ಬರು ಎಂದು ಮೊದಲ ದಿನವೇ ಹಂಚಿಕೊಳ್ಳಿ. ಕೋಣೆಯ ಅಡುಗೆ ನಿಂತುಹೋಗುವುದು ಸಿಂಕಿನಲ್ಲಿ ಉಳಿದ ಪಾತ್ರೆಯಿಂದಲೇ ಹೊರತು ರುಚಿ ಕೆಟ್ಟಿತೆಂದಲ್ಲ. ನಾಳೆ ಮದುವೆಯಾದ ಮೇಲೂ ಈ ಹಂಚಿಕೆ ಹೀಗೇ ಇರಲಿ. ಇಬ್ಬರೂ ದುಡಿದು ಬರುವ ಮನೆಯಲ್ಲಿ ಒಬ್ಬಳೇ ಒಲೆಯ ಮುಂದೆ ನಿಲ್ಲುವುದು ಅನ್ಯಾಯ. ಹೆಣ್ಣುಮಕ್ಕಳೇ, ನಿಮಗೂ ಅಷ್ಟೇ. ಯಾರದೋ ಮನೆಗೆ ಹೋಗಿ ಬೇಯಿಸಿ ಹಾಕಬೇಕೆಂದು ಅಡುಗೆ ಕಲಿಯಬೇಡಿ. ನಿಮ್ಮ ಊಟ ನಿಮ್ಮ ಕೈಯಲ್ಲಿರಲಿ ಎಂದು ಕಲಿಯಿರಿ.

ಮೇಲಿನ ಹುಡುಗ ಆ ದಿನ ಉಳಿದಿದ್ದ ಒಂದು ಲೋಟ ಕಟ್ಟಿನಲ್ಲೇ ಸಾರು ಮಾಡಿದ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾ ಹೋದೆ, ಅವನು ಮಾಡುತ್ತಾ ಹೋದ. ರುಬ್ಬಿದ್ದನ್ನು ಹಾಕಿ ಮೊದಲ ಕುದಿ ಬಂದಾಗ ಘಮ ಮೆಟ್ಟಿಲವರೆಗೂ ಹರಡಿತು. ಅವನು ಫೋನು ತೆಗೆದು ಗದಗಕ್ಕೆ ಮಾಡಿ, "ಯವ್ವಾ, ಕಟ್ಟಿನ ಸಾರಿಗೆ ಬೆಲ್ಲ ಹಾಕ್ತಿಯೇನು ನೀನು?" ಎಂದು ಕೇಳಿದ. ಹಾಕುತ್ತಾರಂತೆ, ಅಡಿಕೆಯಷ್ಟು. ನಮ್ಮ ಕಡೆ ಬಸ್ಸಾರಿಗೆ ಬೆಲ್ಲ ಹಾಕುವುದಿಲ್ಲ. ಅವನು ಹಾಕಿದ. ಚೆನ್ನಾಗಿತ್ತು.

ಇವತ್ತು ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಕಾಳು ನೆನೆಹಾಕಿ, ಮಕ್ಕಳೇ. ನಾಳೆ ಬರುವಾಗ ಒಂದು ಕಟ್ಟು ಸೊಪ್ಪು ತನ್ನಿ. ಹೇಗೆ ಮಾಡುವುದೆಂದು ಗೊತ್ತಾಗದಿದ್ದರೆ ಮನೆಗೆ ಫೋನು ಮಾಡಿ ಕೇಳಿ.